ಹಸಿರು ನೀರಿನ ರಾಶಿ

ನಾರಾಯಣಖೇಡದ ನಮ್ಮ ಮನೆಯ ಹಿತ್ತಲಲ್ಲಿ ಬೆಳಗಿನ ಐದೂವರೆಗೆ ಎರಡು ಬಕೆಟ್, ಒಂದು ಹಿಟ್ಟಿನ ಜರಡಿ, ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ ನೈಲಾನ್ ಬಟ್ಟೆಯ ಒಂದು ತುಂಡು ಹಿಡಿದುಕೊಂಡು ಕೂತಿದ್ದೆ. ಎದುರಿಗೆ 500 ಲೀಟರ್ ಹಿಡಿಯುವ ಟಾರ್ಪಾಲಿನ ತೊಟ್ಟಿ. ಅದರ ತುಂಬ ಪಾಲಕ್ ಬೇಯಿಸಿ ರುಬ್ಬಿದಂಥ ಕಡುಹಸಿರು ನೀರು. ಬಿಳಿ ಡಬ್ಬಿಯ ಮುಚ್ಚಳವನ್ನು ಕಡ್ಡಿಯ ತುದಿಗೆ ಮೊಳೆ ಹೊಡೆದು ನೀರಿಗಿಳಿಸಿದರೆ ಎರಡು ಮೂರು ಸೆಂಟಿಮೀಟರಿನಲ್ಲೇ ಮಾಯ. ಹಾಗೆ ಮಾಯವಾಯಿತೆಂದರೆ ಬೆಳೆ ಕೊಯ್ಲಿಗೆ ಬಂತೆಂದು ಲೆಕ್ಕ. ಬೆಳೆ ಅಂದರೆ ಸ್ಪಿರುಲಿನಾ, ಬರಿಗಣ್ಣಿಗೆ ಒಂಟಿಯಾಗಿ ಕಾಣದ ಸುರುಳಿ ಪಾಚಿ.

ಮೇಲೆ ಜರಡಿ, ಕೆಳಗೆ ಬಟ್ಟೆ. ಜರಡಿ ಸೊಳ್ಳೆ, ಹುಳು, ಬೇವಿನ ಎಲೆಯನ್ನು ಹಿಡಿಯುತ್ತದೆ; 50 ಮೈಕ್ರಾನ್ ಕಣ್ಣಿನ ಬಟ್ಟೆ ಪಾಚಿಯನ್ನು ಹಿಡಿಯುತ್ತದೆ. ಮೂರು ಕೊಡ ನೀರು, ಸುಮಾರು 40 ಲೀಟರ್ ಸುರಿದೆ. ಬಟ್ಟೆಯ ಮೇಲೆ ಉಳಿದದ್ದು ಅಂಗೈಯಗಲದ ಹಸಿರು ಲೋಳೆ. ಅದನ್ನು ಇನ್ನೊಂದು ಬಟ್ಟೆಯಲ್ಲಿ ಕಟ್ಟಿ, ಮೇಲೊಂದು ತಾಂಡೂರಿನ ಫರಸಿ ಕಲ್ಲು ಹೇರಿ ನೀರು ಬಸಿದರೆ ಶಾವಿಗೆ ಹಿಟ್ಟಿನ ಹದಕ್ಕೆ ಬರುತ್ತದೆ. ಚಕ್ಲಿ ಅಚ್ಚಿನಲ್ಲಿ ಒತ್ತಿ, ಎಳೆಎಳೆಯಾಗಿ ಒಣಗಿಸಿ, ತೂಗಿದರೆ 20 ಗ್ರಾಂ.

ಪಕ್ಕದ ಮನೆಯ ಕಾಕಿ ಗೋಡೆಯಾಚೆಯಿಂದ ನೋಡುತ್ತಿದ್ದರು. ‘ಏನ್ ಸೋಸ್ಲಾಕತ್ತಿ ತಮ್ಮಾ?’ ಅಂದರು. ‘ಪಾಚಿ ಕಾಕಿ, ತಿನ್ನೋ ಪಾಚಿ’ ಅಂದೆ. ತೂಕ ಕೇಳಿ ನಕ್ಕರು. ‘ಮೂರು ಕೊಡಕ್ಕ ಇಷ್ಟೇ ಏನೋ? ಮೂರು ಕೊಡ ತೊಗರಿ ಇದ್ರ ಮನಿಗಿ ಆರ್ ತಿಂಗಳ ಬ್ಯಾಳಿ ಆಗ್ತಿತ್ತು.’

ನಗೆಯಲ್ಲಿ ಹೇಳಿದ ಆ ಮಾತಿನೊಳಗೆ ಈ ಉದ್ಯಮದ ಇಡೀ ಕಷ್ಟ ಅಡಗಿದೆ. ಸೂಕ್ಷ್ಮ ಪಾಚಿ ಬೆಳೆಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಬಿಸಿಲು, ಉಪ್ಪು, ಸೋಡಾ, ಆಗಾಗ ಕಲಕುವ ಕೈ ಇದ್ದರೆ ಬೆಳೆಯುತ್ತದೆ. ಬೆಳೆದದ್ದನ್ನು ನೀರಿನಿಂದ ಬೇರೆ ಮಾಡುವುದೇ ತಲೆನೋವು. ತೆರೆದ ಕೊಳದಲ್ಲಿ ಚೆನ್ನಾಗಿ ಬೆಳೆದ ಪಾಚಿಯೂ ಲೀಟರಿಗೆ ಅರ್ಧ ಗ್ರಾಂ ಆಸುಪಾಸು. ಒಂದು ಕಿಲೋ ಒಣ ಪುಡಿ ಬೇಕೆಂದರೆ 2,000 ಲೀಟರ್ ನೀರನ್ನು ಎತ್ತಿ, ಸೋಸಿ, ತಿರುಗಿ ಬಿಡಬೇಕು. ಬೇಸಿಗೆಯಲ್ಲಿ ನಮ್ಮೂರಿಗೆ ಬರುವ 5,000 ಲೀಟರಿನ ಟ್ಯಾಂಕರನ್ನು ಕಣ್ಣಮುಂದೆ ತಂದುಕೊಳ್ಳಿ. ಅಷ್ಟೂ ಹಸಿರು ನೀರೇ ಆಗಿದ್ದರೆ ಅದರೊಳಗಿನ ಫಸಲು ಎರಡೂವರೆ ಕಿಲೋ. ಉತ್ಪಾದನೆಯ ಒಟ್ಟು ಖರ್ಚಿನಲ್ಲಿ ನೂರಕ್ಕೆ 20ರಿಂದ 30 ಭಾಗ ಕೊಯ್ಲಿಗೇ ಹೋಗುತ್ತದೆ ಎಂಬ ಅಂದಾಜು ದಶಕಗಳಿಂದ ಚಾಲ್ತಿಯಲ್ಲಿದೆ. ತೊಗರಿ ರಾಶಿಗೆ ಅಷ್ಟು ಖರ್ಚಾದರೆ ನಮ್ಮ ರೈತ ಹೊಲದಲ್ಲೇ ಬಿಟ್ಟು ಬರುತ್ತಾನೆ.

ನಮ್ಮ ಕಡೆ ಕೊಯ್ಲಿಗೆ ‘ರಾಶಿ’ ಅನ್ನುತ್ತಾರೆ. ಕೊಯ್ದು, ಬಡಿದು, ತೂರಿ, ಕಾಳನ್ನು ಗುಡ್ಡೆ ಹಾಕುವ ತನಕದ ಎಲ್ಲ ಕೆಲಸವೂ ಆ ಒಂದು ಮಾತಿನಲ್ಲಿ ಬಂತು. ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯದ ಗೆರೆ ಬದಲಾದರೂ ರಾಶಿ ಅನ್ನುವ ಮಾತು ಮನೆಯಲ್ಲಿ ಉಳಿದಿದೆ. ಪಾಚಿಯ ವಿಷಯದಲ್ಲೂ ನನಗೆ ಇದೇ ಮಾತು ಸರಿಯೆನಿಸುತ್ತದೆ, ಯಾಕೆಂದರೆ ಇಲ್ಲಿ ಕತ್ತರಿಸುವುದಕ್ಕೆ ಏನೂ ಇಲ್ಲ, ಇರುವುದೆಲ್ಲ ತೂರುವ ಕೆಲಸ. ಗಾಳಿಯ ಬದಲು ನೀರಿನಲ್ಲಿ ತೂರಬೇಕು.

ನೀರನ್ನು ಸುಮ್ಮನೆ ಬಿಟ್ಟರೆ ಪಾಚಿ ತಳಕ್ಕೆ ಕೂರುವುದಿಲ್ಲವೇ? ತಾಂಡೂರಿನ ಪಾಲಿಶ್ ಘಟಕಗಳ ಹಿಂದೆ ಹೋಗಿ ನೋಡಿದರೆ ಈ ಪ್ರಶ್ನೆ ಸಹಜವಾಗಿ ಏಳುತ್ತದೆ. ಫರಸಿ ಉಜ್ಜಿದ ಬೂದು ನೀರು ಹೊಂಡಕ್ಕೆ ಹರಿಯುತ್ತದೆ, ಕಲ್ಲಿನ ಹಿಟ್ಟು ತಳ ಹಿಡಿಯುತ್ತದೆ, ಮೇಲಿನ ತಿಳಿ ಮತ್ತೆ ಯಂತ್ರಕ್ಕೆ. ಖರ್ಚಿಲ್ಲ. ಪಾಚಿ ಈ ಮಾತಿಗೆ ಬಗ್ಗುವುದಿಲ್ಲ. ದ್ರವದಲ್ಲಿ ಕಣ ಎಷ್ಟು ವೇಗವಾಗಿ ಇಳಿಯುತ್ತದೆಂದು ಜಾರ್ಜ್ ಸ್ಟೋಕ್ಸ್ 1851ರಲ್ಲೇ ಸೂತ್ರ ಬರೆದಿಟ್ಟರು: ಕಣಕ್ಕೂ ನೀರಿಗೂ ಇರುವ ಸಾಂದ್ರತೆಯ ವ್ಯತ್ಯಾಸ ಹೆಚ್ಚಿದಷ್ಟೂ ವೇಗ ಹೆಚ್ಚು, ಗಾತ್ರ ಇಮ್ಮಡಿಯಾದರೆ ವೇಗ ನಾಲ್ಕು ಪಟ್ಟು. ಕಲ್ಲಿನ ಹಿಟ್ಟು ನೀರಿಗಿಂತ ಎರಡೂಮುಕ್ಕಾಲು ಪಟ್ಟು ಸಾಂದ್ರ. ಕ್ಲೊರೆಲ್ಲಾದಂಥ ಪಾಚಿಯ ಕೋಶ ನೀರಿಗಿಂತ ನೂರಕ್ಕೆ ಐದೋ ಹತ್ತೋ ಭಾಗ ಮಾತ್ರ ಹೆಚ್ಚು. ಐದು ಮೈಕ್ರಾನಿನ ಕಲ್ಲಿನ ಕಣ ದಿನಕ್ಕೆ ಎರಡು ಮೀಟರ್ ಇಳಿದರೆ ಅದೇ ಗಾತ್ರದ ಪಾಚಿ ಒಂದು ಗೇಣನ್ನೂ ಇಳಿಯುವುದಿಲ್ಲ. ಅಷ್ಟರಲ್ಲಿ ಕತ್ತಲಾಗುತ್ತದೆ, ಕೋಶಗಳು ಉಸಿರಾಡುತ್ತ ತಮ್ಮ ಸಂಗ್ರಹವನ್ನೇ ಉಣ್ಣುತ್ತವೆ, ತಳದಲ್ಲಿ ಕೊಳೆಯುವುದೂ ಶುರುವಾಗುತ್ತದೆ.

ಸಾಲದ್ದಕ್ಕೆ ಈ ಕೋಶಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಒಂದರ ಹತ್ತಿರ ಇನ್ನೊಂದು ಬಂದರೆ ದೂಡುತ್ತವೆ. ಜಗಳವಾಡಿದ ದಾಯಾದಿಗಳಂತೆ ಒಂದೇ ಕೊಳದಲ್ಲಿದ್ದೂ ಕೂಡುವುದಿಲ್ಲ. ಕೂಡಿಸಲು ಮಧ್ಯಸ್ಥರು ಬೇಕು. ಮಳೆಗಾಲದ ಕೆಂಪು ನೀರಿಗೆ ಅಜ್ಜಿಯರು ಪಟಿಕ ತಿರುವುತ್ತಿದ್ದರಲ್ಲ, ಚಿಲ್ಲದ ಬೀಜ ತೇಯುತ್ತಿದ್ದರಲ್ಲ, ಅದೇ ಕೆಲಸ. ಪಟಿಕದ ಅಲ್ಯೂಮಿನಿಯಂ ಋಣಾಂಶವನ್ನು ತಣಿಸಿದೊಡನೆ ಕೋಶಗಳು ಒಂದಕ್ಕೊಂದು ಅಂಟಿ ಹಿಂಡಾಗುತ್ತವೆ, ಹಿಂಡು ದೊಡ್ಡದಾಯಿತೆಂದರೆ ಸ್ಟೋಕ್ಸ್ ಸೂತ್ರ ನಮ್ಮ ಕಡೆಗೆ. ಅಗ್ಗದ ದಾರಿ, ಆದರೆ ಅಲ್ಯೂಮಿನಿಯಂ ಪಾಚಿಯ ಜೊತೆಗೇ ಉಳಿಯುತ್ತದೆ. ಚರಂಡಿ ನೀರು ಶುದ್ಧ ಮಾಡುವವರಿಗೆ ಅದು ನಡೆದೀತು, ತಿನ್ನುವ ಪಾಚಿಗೆ ನಡೆಯದು. ಆದ್ದರಿಂದ ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ನುಗ್ಗೆ ಬೀಜದ ಪುಡಿ, ಪಿಷ್ಟದಿಂದ ಮಾಡಿದ ಅಂಟುಗಳನ್ನೆಲ್ಲ ಪ್ರಯೋಗಶಾಲೆಗಳಲ್ಲಿ ಹಚ್ಚಿ ನೋಡಿದ್ದಾರೆ. ಕೆಲಸ ಮಾಡುತ್ತವೆ. ಸಾವಿರಾರು ಘನ ಮೀಟರ್ ನೀರಿಗೆ ಸುರಿಯುವ ಲೆಕ್ಕ ಬಂದಾಗ ಮಾತ್ರ ಬೆಲೆ ಬಿಸಿಯಾಗುತ್ತದೆ.

ಜಹೀರಾಬಾದಿನ ಕಬ್ಬಿನ ಸೀಮೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ ಅನ್ನಿಸುತ್ತದೆ. ಬೆಲ್ಲ ಮಾಡುವಾಗ ಕೊಪ್ಪರಿಗೆಯಲ್ಲಿ ಕುದಿಯುವ ರಸಕ್ಕೆ ಸುಣ್ಣದ ತಿಳಿ ಹಾಕುತ್ತಾರೆ, ಬೆಂಡೆ ಗಿಡದ ಕಾಂಡ ಜಜ್ಜಿ ಲೋಳೆ ಬಿಡುತ್ತಾರೆ. ರಸದೊಳಗಿನ ಕೊಳೆಯೆಲ್ಲ ಲೋಳೆಗೆ ಅಂಟಿ, ಗುಳ್ಳೆಗಳ ಜೊತೆ ಮೇಲೆ ಬಂದು ನೊರೆಯಾಗುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ ಬಿಸಾಡುತ್ತಾರೆ. ಪಾಚಿ ಕೈಗಾರಿಕೆಯವರು ಇದನ್ನೇ ತಣ್ಣೀರಿನಲ್ಲಿ ಮಾಡುತ್ತಾರೆ. ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನು ತೊಟ್ಟಿಯ ತಳಕ್ಕೆ ಬಿಟ್ಟಾಗ ಒತ್ತಡ ಇಳಿದು ಕೋಟ್ಯಂತರ ಸಣ್ಣ ಗುಳ್ಳೆಗಳೇಳುತ್ತವೆ. ಹಿಂಡುಗಟ್ಟಿದ ಪಾಚಿಯನ್ನು ಬೆನ್ನಮೇಲೆ ಹೊತ್ತು ತರುತ್ತವೆ. ಮೇಲಿನ ಕೆನೆಯನ್ನು ಹಲಗೆಯಿಂದ ಎಳೆದುಕೊಂಡರಾಯಿತು. ವ್ಯತ್ಯಾಸವಿಷ್ಟೇ: ಬೆಲ್ಲದವನಿಗೆ ಕೆಳಗಿನ ರಸ ಬೇಕು, ಪಾಚಿಯವನಿಗೆ ಮೇಲಿನ ನೊರೆ.

ಸುಣ್ಣಕ್ಕೂ ಇಲ್ಲಿ ಕೆಲಸವಿದೆ. ನೀರಿನ ಕ್ಷಾರತೆ ಪಿಎಚ್ 10.5 ದಾಟಿದರೆ ಅದರಲ್ಲಿ ಕರಗಿದ ಮೆಗ್ನೀಸಿಯಂ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಹೆಪ್ಪು ಇಳಿಯುವಾಗ ಪಾಚಿಯನ್ನೂ ಬಾಚಿಕೊಂಡು ಹೋಗುತ್ತದೆ. ಸುಣ್ಣಕಲ್ಲಿನ ಮೇಲೆ ಕೂತ ತಾಂಡೂರಿಗೆ ಸುಣ್ಣ ಹುಡುಕಿ ತರಬೇಕಾಗಿಲ್ಲ. ಆದರೆ ಈ ಗಡಸು ನೀರೇ ಬೇರೆ ಕಡೆ ಕಾಲು ಹಿಡಿದೆಳೆಯುತ್ತದೆ. ನನ್ನ ಮೊದಲ ತೊಟ್ಟಿ ಹಾಳಾದದ್ದು ಹೀಗೆ. ಸ್ಪಿರುಲಿನಾಕ್ಕೆ ಕ್ಷಾರ ನೀರು ಬೇಕೆಂದು ಬೋರಿನ ನೀರಿಗೆ ಕಿಲೋಗಟ್ಟಲೆ ಅಡುಗೆ ಸೋಡಾ ಸುರಿದೆ. ಮಾರನೆಯ ದಿನ ತಳದಲ್ಲೆಲ್ಲ ಬಿಳಿ ಹಿಟ್ಟು: ನೀರಿನ ಕ್ಯಾಲ್ಸಿಯಂ ಸೋಡಾದ ಜೊತೆ ಸೇರಿ ಸುಣ್ಣಕಲ್ಲಾಗಿತ್ತು. ಸೋಸುವಾಗ ಅದು ಬಟ್ಟೆಯ ಕಣ್ಣು ಮುಚ್ಚಿತು, ಒಣಗಿದ ಪಾಚಿ ಹಲ್ಲಿಗೆ ಮರಳಿನಂತೆ ಸಿಕ್ಕಿತು. ಎರಡನೆಯ ಸಲ ಮಾಳಿಗೆಯ ಮಳೆನೀರು ಹಿಡಿದೆ.

ಗಾತ್ರ ಹೆಚ್ಚಿಸಲಾಗದಿದ್ದರೆ ಭೂಮಿಯ ಸೆಳೆತವನ್ನೇ ಹೆಚ್ಚಿಸಬಹುದು. ಗುಸ್ತಾಫ್ ಡಿ ಲಾವಲ್ 1878ರಲ್ಲಿ ಹಾಲಿನಿಂದ ಕೆನೆ ಬೇರ್ಪಡಿಸಲು ಮಾಡಿದ ತಿರುಗುವ ಯಂತ್ರದ ಮೊಮ್ಮಕ್ಕಳು ಇಂದು ಪಾಚಿ ಕಾರ್ಖಾನೆಗಳಲ್ಲಿ ಗಿರಗಿರ ಸುತ್ತುತ್ತಿವೆ. ಸೆಳೆತ ಸಾವಿರಾರು ಪಟ್ಟು ಏರಿದಾಗ ಗಂಟೆಗಟ್ಟಲೆ ಆಗದ್ದು ನಿಮಿಷದಲ್ಲಿ ಆಗುತ್ತದೆ. ರಾಸಾಯನಿಕ ಬೇಡ, ಎಂಥ ಸಣ್ಣ ಕೋಶವಾದರೂ ಸರಿ. ಕರೆಂಟಿನ ಬಿಲ್ಲು ಬಂದಾಗ ಗೊತ್ತಾಗುವುದು: ಯಂತ್ರದ ಬಗೆಗೆ ತಕ್ಕಂತೆ ಒಂದು ಘನ ಮೀಟರ್ ನೀರಿಗೆ ಸುಮಾರು ಒಂದರಿಂದ ಎಂಟು ಯೂನಿಟ್. ಅಂದರೆ ಒಂದು ಕಿಲೋ ಒಣ ಪಾಚಿಗೆ ಎರಡರಿಂದ ಹದಿನಾರು. ಮಾತ್ರೆಯಾಗಿ ದುಬಾರಿಗೆ ಮಾರುವ ಕ್ಲೊರೆಲ್ಲಾಕ್ಕೆ ಈ ಖರ್ಚು ಹೊರಲು ಸಾಧ್ಯ. ಜಪಾನಿನಲ್ಲಿ 1960ರ ದಶಕದಿಂದಲೇ ಅದು ವ್ಯಾಪಾರವಾಗಿದೆ. ಎಣ್ಣೆ ತೆಗೆದು ಡೀಸೆಲ್ ಮಾಡುತ್ತೇನೆಂದು ಹೊರಟವರಿಗೆ ಈ ಲೆಕ್ಕ ಕೈಕೊಟ್ಟಿತು. ಅಮೆರಿಕ ಸರ್ಕಾರ 1978ರಲ್ಲಿ ಶುರು ಮಾಡಿದ ಪಾಚಿ ಇಂಧನ ಕಾರ್ಯಕ್ರಮವನ್ನು 1996ರಲ್ಲಿ ಮುಚ್ಚಿತು. 2009ರಲ್ಲಿ ಭಾರಿ ಸದ್ದು ಮಾಡಿ ಇಳಿದ ಎಕ್ಸಾನ್ ಮೊಬಿಲ್ ಕೂಡ 2023ರ ಹೊತ್ತಿಗೆ ಕೈ ಬಿಟ್ಟಿತು. ಸೋಲಿಗೆ ಕಾರಣ ಹಲವು. ನೀರು ಬೇರೆ ಮಾಡುವ ಖರ್ಚು ಅದರಲ್ಲೊಂದು, ಸಣ್ಣದಂತೂ ಅಲ್ಲ.

ಇಲ್ಲಿ ಮೈಸೂರಿನ ಕಥೆ ಹೇಳಬೇಕು. 1970ರ ದಶಕದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವೆಲ್ಲ ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆ, ಜರ್ಮನಿಯ ನೆರವಿನಲ್ಲಿ ಪಾಚಿ ಯೋಜನೆ ಹಿಡಿಯಿತು. ಬಡವರ ಊಟಕ್ಕೆ ಅಗ್ಗದ ಪ್ರೋಟೀನ್ ಎಂಬುದು ಆ ಕಾಲದ ಕನಸು. ಎಲ್.ವಿ. ವೆಂಕಟರಾಮನ್ ಮತ್ತು ಜರ್ಮನಿಯ ಇ.ಡಬ್ಲ್ಯು. ಬೆಕರ್ ಮೊದಲು ಕೈಗೆತ್ತಿಕೊಂಡದ್ದು ಸೀನೆಡೆಸ್ಮಸ್ ಎಂಬ ಪಾಚಿಯನ್ನು. ನಾಲ್ಕು ನಾಲ್ಕು ಕೋಶಗಳು ಸಾಲಾಗಿ ಅಂಟಿಕೊಂಡಿರುವ ಹಸಿರು ಜೀವಿ. ಸೊಗಸಾಗಿ ಬೆಳೆಯಿತು. ಆದರೆ ಬಟ್ಟೆಗೆ ಸಿಗದಷ್ಟು ಸಣ್ಣದು, ಕೊಯ್ಲಿಗೆ ತಿರುಗುವ ಯಂತ್ರವೇ ಬೇಕು. ಕೊಯ್ದ ಮೇಲೂ ಕೋಶಗಳ ಗೋಡೆ ಎಷ್ಟು ಗಟ್ಟಿಯೆಂದರೆ ಹಾಗೇ ತಿಂದರೆ ಅರಗದು. ಬಿಸಿ ಉರುಳೆಯ ಮೇಲೆ ಹಾಯಿಸಿ ಗೋಡೆ ಒಡೆಯಬೇಕು. ಯಂತ್ರ, ಉಗಿ, ಉರುಳೆ ಎಂದು ಸೇರಿಸುತ್ತ ಹೋದಾಗ ಬಡವರ ಪ್ರೋಟೀನ್ ಬಡವರಿಗೆ ನಿಲುಕದ್ದಾಯಿತು. ನಿಧಾನವಾಗಿ ಒಲವು ಸ್ಪಿರುಲಿನಾ ಕಡೆ ಹೊರಳಿತು. ಅದರ ಎಳೆ ಉದ್ದ, ನೂರು ಮೈಕ್ರಾನ್ ದಾಟುತ್ತದೆ, ಬಟ್ಟೆಯಲ್ಲಿ ನಿಲ್ಲುತ್ತದೆ. ಕೋಶಗಳಿಗೆ ಸೆಲ್ಯುಲೋಸಿನ ಗೋಡೆಯಿಲ್ಲ, ಬಿಸಿಲಲ್ಲಿ ಒಣಗಿಸಿದರೂ ಅರಗುತ್ತದೆ. ವೆಂಕಟರಾಮನ್ ಮತ್ತು ಬೆಕರ್ 1985ರಲ್ಲಿ ಭಾರತದ ಪಾಚಿ ಅನುಭವದ ಬಗ್ಗೆ ಬರೆದ ಪುಸ್ತಕ ಈ ಕ್ಷೇತ್ರದವರ ಕಪಾಟಿನಲ್ಲಿ ಈಗಲೂ ಇದೆ.

ಜೀವಶಾಸ್ತ್ರಜ್ಞರು ಒಪ್ಪುತ್ತಾರೋ ಇಲ್ಲವೋ, ನನ್ನ ತಿಳಿವಳಿಕೆ ಇಷ್ಟು: ಜಗತ್ತಿನ ಸಾವಿರಾರು ಪಾಚಿಗಳಲ್ಲಿ ವ್ಯಾಪಾರಕ್ಕೆ ಬಂದ ಬೆರಳೆಣಿಕೆಯಷ್ಟನ್ನು ಆರಿಸಿದ್ದರಲ್ಲಿ ಪ್ರೋಟೀನ್ ಪಟ್ಟಿಗಿಂತ ಜರಡಿಯ ಕೈ ಹೆಚ್ಚಿದೆ. ಸ್ಪಿರುಲಿನಾ ಬಟ್ಟೆಗೆ ಸಿಗುತ್ತದೆ. ಕೆಂಪು ಬಣ್ಣಕ್ಕಾಗಿ ಬೆಳೆಸುವ ಹೆಮಟೋಕಾಕಸ್ ಕಷ್ಟ ಬಂದಾಗ ದಪ್ಪ ಚಿಪ್ಪು ಕಟ್ಟಿಕೊಂಡು ತಾನೇ ತಳಕ್ಕೆ ಕೂರುತ್ತದೆ. ಹೀಗೆ ಬಹುಮಟ್ಟಿಗೆ ಒಂದಲ್ಲ ಒಂದು ರೀತಿ ಕೈಗೆ ಸಿಗುವವೇ ಬೆಳೆಗಳಾದವು. ಅಂದಹಾಗೆ ಸ್ಪಿರುಲಿನಾ ನಿಜವಾದ ಪಾಚಿಯೂ ಅಲ್ಲ, ಬ್ಯಾಕ್ಟೀರಿಯಾಗಳ ಕುಲಕ್ಕೆ ಸೇರಿದ್ದು. ಮಾರುಕಟ್ಟೆಯಲ್ಲಿ ಯಾರೂ ಅದರ ಜಾತಿ ಕೇಳುವುದಿಲ್ಲ.

ಸುಲಭವಾಗಿ ಕೈಗೆ ಸಿಗುವುದೇ ಬೆಳೆ ಎಂಬುದನ್ನು ವಿಜ್ಞಾನಿಗಳಿಗಿಂತ ಮೊದಲೇ ಅರಿತವರು ಆಫ್ರಿಕಾದ ಚಾಡ್ ಸರೋವರದ ಆಸುಪಾಸಿನ ಕಾನೆಂಬು ಹೆಂಗಸರು. ಸೋಡಾ ಕೆರೆಗಳ ದಂಡೆಗೆ ಗಾಳಿ ತಳ್ಳಿತಂದ ಹಸಿರು ಕೆನೆಯನ್ನು ಮಡಕೆ, ಬುಟ್ಟಿಗಳಲ್ಲಿ ಮೊಗೆದು, ಮರಳಿನ ಗುಳಿಗೆ ಸುರಿಯುತ್ತಾರೆ. ಮರಳು ನೀರು ಕುಡಿಯುತ್ತದೆ, ಮೇಲೆ ಹಪ್ಪಳದಂಥ ಹಸಿರು ಬಿಲ್ಲೆ ಉಳಿಯುತ್ತದೆ. ಹೆಸರು ದಿಹೆ. 1960ರ ದಶಕದ ನಡುವೆ ಬೆಲ್ಜಿಯಂನ ಸಸ್ಯಶಾಸ್ತ್ರಜ್ಞ ಜಾನ್ ಲೆಯೊನಾರ್ ಅಲ್ಲಿನ ಸಂತೆಯಲ್ಲಿ ಇದನ್ನು ಕಂಡು ಜಗತ್ತಿಗೆ ಹೇಳಿದರು. ಅದೇ ಹೊತ್ತಿಗೆ ಮೆಕ್ಸಿಕೋದ ಟೆಕ್ಸ್‌ಕೋಕೋ ಕೆರೆಯಿಂದ ಸೋಡಾ ತೆಗೆಯುತ್ತಿದ್ದ ಕಂಪನಿಗೆ ಇದೇ ಪಾಚಿ ಕಾಟ ಕೊಡುತ್ತಿತ್ತು. ಕಳೆ ಎಂದು ಬೈಯುತ್ತಿದ್ದವರೇ 1970ರ ದಶಕದಲ್ಲಿ ಅದನ್ನು ಸೋಸಿ ಮಾರಲು ಶುರು ಮಾಡಿದರು.

ಬಟ್ಟೆಯ ಕೆಲಸ ದೊಡ್ಡದಾದಾಗ ಏನಾಗುತ್ತದೆ? ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಊನೈಯೂರಿನಲ್ಲಿ ಪ್ಯಾರಿ ಕಂಪನಿಯ ಸ್ಪಿರುಲಿನಾ ಕೊಳಗಳಿವೆ. ಸಾಮಾನ್ಯವಾಗಿ ಇಂಥ ಕಡೆಗಳಲ್ಲಿ ಕುದುರೆ ಓಟದ ಮೈದಾನದಂಥ ಉದ್ದ ಕೊಳಗಳು, ಗಾಲಿಯಂತೆ ತಿರುಗುವ ಹುಟ್ಟುಗಳು. ಹಸಿರು ನೀರು ಮೊದಲು ಇಳಿಜಾರಾಗಿ ನಿಲ್ಲಿಸಿದ ಸ್ಟೀಲ್ ಜಾಲರಿ ಅಥವಾ ಅಲುಗುವ ಜರಡಿಯ ಮೇಲೆ ಹರಿಯುತ್ತದೆ. ನೀರು ಕೆಳಗೆ, ಲೋಳೆ ಮುಂದೆ. ಆಮೇಲೆ ನಿರ್ವಾತ ಹೀರುವ ಪಟ್ಟಿಯ ಮೇಲೆ ಹಾದು, ಸಿಹಿ ನೀರಲ್ಲಿ ತೊಳೆದು ಸೋಡಾ ಕಳೆದುಕೊಂಡು, ಬಿಸಿಗಾಳಿಯಲ್ಲಿ ಮಂಜಿನಂತೆ ಚಿಮ್ಮಿ ಕ್ಷಣದಲ್ಲೇ ಪುಡಿಯಾಗುತ್ತದೆ. ಹೊರಗಿನವರಿಗೆ ಕಾಣದ ಸೂಕ್ಷ್ಮ ಇರುವುದು ಪಂಪಿನಲ್ಲಿ. ನಾವು ಹೊಲಕ್ಕೆ ಹಾಕುವಂಥ ಜೋರಿನ ಪಂಪು ಹಾಕಿದರೆ ಸುರುಳಿಗಳು ತುಂಡಾಗುತ್ತವೆ, ತುಂಡು ಜರಡಿಯಿಂದ ನುಸುಳುತ್ತದೆ, ಕೊಳಕ್ಕೆ ಮರಳಿದ ನೀರು ದಿನೇದಿನೇ ಗಲೀಜಾಗಿ ನೊರೆ ಕಟ್ಟುತ್ತದೆ. ಆದ್ದರಿಂದ ಮೆಲ್ಲಗೆ ತಳ್ಳುವ ಪಂಪುಗಳನ್ನು ಹುಡುಕಿ ಹಾಕುತ್ತಾರೆ. ಕೊಯ್ಲು ಮುಂಜಾನೆಯೇ ಯಾಕೆಂದರೆ, ರಾತ್ರಿಯಿಡೀ ಪಾಚಿ ತನ್ನ ಶರ್ಕರಪಿಷ್ಟ ಕರಗಿಸಿಕೊಂಡಿರುತ್ತದೆ, ಪ್ರೋಟೀನಿನ ಪಾಲು ಬೆಳಗ್ಗೆ ಹೆಚ್ಚು. ಒಣಗಿಸಲು ಇಡೀ ದಿನದ ಬಿಸಿಲೂ ಸಿಗುತ್ತದೆ. ತಡಮಾಡಿದರೆ ಹಸಿ ಲೋಳೆ ಮೀನು ಕೊಳೆತಂತೆ ನಾರುತ್ತದೆ. ಈ ವಾಸನೆಯ ಬಗ್ಗೆ ನಮ್ಮ ಮನೆಯವರಿಗೆ ನನಗಿಂತ ಹೆಚ್ಚು ಹೇಳಲಿಕ್ಕಿದೆ.

ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಗೆ ಇದು ಹೊಂದೀತೇ? ಬಿಸಿಲಿಗೆ ಬರವಿಲ್ಲ. 35 ಡಿಗ್ರಿಯ ನೀರು ಸ್ಪಿರುಲಿನಾಕ್ಕೆ ಹಬ್ಬ. ಒಂದು ಕಿಲೋ ಒಣ ಪಾಚಿ ಬೆಳೆಯಲು ಹತ್ತಿರಹತ್ತಿರ 1.8 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ತಾಂಡೂರಿನಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ಅದನ್ನು ಬಿಟ್ಟಿಯಾಗಿ ಆಕಾಶಕ್ಕೆ ಬಿಡುತ್ತಿವೆ. ಹೊಗೆಯ ದೂಳು, ಭಾರಲೋಹಗಳ ಭಯವಿರುವುದರಿಂದ ಅಂಥ ಪಾಚಿಯನ್ನು ತಟ್ಟೆಗೆ ತರುವ ಧೈರ್ಯ ನನಗಿಲ್ಲ, ಗೊಬ್ಬರಕ್ಕೋ ಬಣ್ಣಕ್ಕೋ ಆದೀತು. ಕೊರತೆಯಿರುವುದು ನೀರಿಗೆ. ತೆರೆದ ಕೊಳ ಏಪ್ರಿಲ್‌ನಲ್ಲಿ ಎಷ್ಟು ಆವಿಯಾಗುತ್ತದೆಂದು ಕೆರೆಯ ದಂಡೆಯವರನ್ನು ಕೇಳಿದರೆ ಸಾಕು.

ಇನ್ನು ಪೌಷ್ಟಿಕತೆಯ ಮಾತು. ಮೈಸೂರಿನಿಂದ ಬಂದ ಪಿ.ವಿ. ಸತೀಶ್ ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ದಲಿತ ಹೆಂಗಸರ ಸಂಘಗಳ ಜೊತೆ ನವಣೆ, ಸಾವೆ, ಜೋಳದ ಹೊಲಗಳಿಗೆ ಜೀವ ಕೊಟ್ಟ ಆ ಸಂಸ್ಥೆ, ಬಿತ್ತದೆ ತಾನಾಗಿ ಬೆಳೆಯುವ ಹೊಲದ ಸೊಪ್ಪುಗಳ ಬೆಲೆಯನ್ನೂ ಜಗತ್ತಿಗೆ ತೋರಿಸಿತು. ಅದರ ಎದುರು ನಿಂತು ಸ್ಪಿರುಲಿನಾ ಅದ್ಭುತ ಆಹಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಪುಡಿಯಲ್ಲಿ ನೂರಕ್ಕೆ 60 ಭಾಗ ಪ್ರೋಟೀನ್ ನಿಜ, ಆದರೆ ದಿನಕ್ಕೆ ತಿನ್ನುವುದು ಮೂರು ಗ್ರಾಂ, ಸಿಗುವುದು ಎರಡು ಗ್ರಾಂ ಪ್ರೋಟೀನ್. 2022ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತಾಂಡೂರು ತೊಗರಿಯ ಒಂದು ಹಿಡಿ ಬೇಳೆಯಲ್ಲಿ ಅದರ ಮೂರು ಪಟ್ಟು ಇದೆ. ಡಬ್ಬಿಯ ಮೇಲೆ ಹೊಗಳುವ ಬಿ12 ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪದ್ದು. ಸ್ಪಿರುಲಿನಾದ ನಿಜವಾದ ಗುಣ ಬೀಟಾ ಕ್ಯಾರೊಟೀನ್, ಕಬ್ಬಿಣ, ಮತ್ತು ಐಸ್‌ಕ್ರೀಮಿಗೂ ಹಾಕುವ ನೀಲಿ ಬಣ್ಣ. ಇನ್ನೊಂದು ಎಚ್ಚರಿಕೆ: ಊರ ಕೆರೆಯಲ್ಲಿ ತಾನಾಗಿ ಎದ್ದ ಹಸಿರು ಕೆನೆಯನ್ನು ಸ್ಪಿರುಲಿನಾ ಎಂದು ಯಾರೂ ಬಾಚಿ ತರಬಾರದು. ಹುಸೇನ್ ಸಾಗರದಂಥ ಕೆರೆಗಳಲ್ಲಿ ಮೇಲೇಳುವ ಮೈಕ್ರೊಸಿಸ್ಟಿಸ್ ಪಿತ್ತಜನಕಾಂಗಕ್ಕೆ ವಿಷ ಬಿಡಬಲ್ಲದು, ನೋಡಲು ಮಾತ್ರ ಅಷ್ಟೇ ಹಸಿರು.

ಕಳೆದ ವಾರ ಕಾಕಿ ಗೋಡೆಯೀಚೆ ಬಂದರು. ಕೈಯಲ್ಲಿ ಹಳೆಯ ಪಾಲಿಸ್ಟರ್ ಸೀರೆಯ ತುಂಡು. ‘ನಿನ್ ಅರಿವಿ ಬ್ಯಾಡ, ಇದು ನೋಡು, ದಟ್ಟ ನೇಯ್ಗಿ’ ಅಂದರು. ಕಟ್ಟಿ ಸುರಿದೆವು. ನನ್ನ ನೈಲಾನಿನಲ್ಲಿ ಇಳಿಯುವ ನೀರು ತಿಳಿಹಸಿರಾಗಿರುತ್ತಿತ್ತು, ಸೀರೆಯಲ್ಲಿ ಇಳಿದದ್ದು ಹಳದಿಗೆ ತಿರುಗಿದ ತಿಳಿನೀರು. ಎರಡು ಪಟ್ಟು ಹೊತ್ತು ಹಿಡಿಯಿತು, ನಡುವೆ ಎರಡು ಸಲ ಬಟ್ಟೆ ಕೊಡವಬೇಕಾಯಿತು. ಒಣಗಿಸಿ ತೂಗಿದಾಗ 23 ಗ್ರಾಂ. ಬಕೆಟ್ಟಿನ ನೀರನ್ನು ಕರಿಬೇವಿನ ಬುಡಕ್ಕೆ ಹಾಕಲೆಂದು ಕಾಕಿ ಎತ್ತಿದ್ದರು. ‘ಚೆಲ್ಲಂಗಿಲ್ಲ ಕಾಕಿ, ಸೋಡಾ ಎಲ್ಲ ಅದರಾಗೇ ಅದ’ ಅಂದೆ. ಅವರು ಒಂದು ಕ್ಷಣ ನನ್ನನ್ನೂ ಬಕೆಟ್ಟನ್ನೂ ನೋಡಿ, ತೊಟ್ಟಿಯ ಅಂಚಿಗೆ ತಾಗಿಸಿ, ಹಾಲು ಬಗ್ಗಿಸುವ ಹಾಗೆ ಸದ್ದಿಲ್ಲದೆ ಸುರಿದರು.